ಹೂರಣವಿಲ್ಲದ ಹೋಳಿಗೆ

ಬೇವೂರು
೯ ಜೂನ್ ೨೦೨೪

ಗಂಗಾವತಿ ಪಟ್ಟಣದಲ್ಲಿ ನೆಲೆಸಿ, ದಾರಿ ತಪ್ಪಿ ಬಂದ ಇಂಗ್ಲಿಷಿಗೆ ಕನ್ನಡದ ಉಡುಪು ತೊಡಿಸಿ ಕಳಿಸುತ್ತಿರುವ ನನ್ನ ಏಕಮಾತ್ರ ಅಕ್ಕ ಮಹೇಶ್ವರಿಯವರ ಸನ್ನಿಧಾನಕ್ಕೆ, ತಮ್ಮ ಹನಮೇಶನು ಹಣೆ ನೆಲಕ್ಕೆ ಹಚ್ಚಿ ಬಿನ್ನವಿಸುವುದೇನೆಂದರೆ:

ನಾನು ಸಹಿ ಮಾಡಿದೆ.

ಯಾರ ಜೊತೆ ಎಂದು ಹೇಳುವ ಹಾಗಿಲ್ಲ. ಯಾವ ಕೆಲಸಕ್ಕೆ ಎಂದೂ ಹೇಳುವ ಹಾಗಿಲ್ಲ. ಹೇಳುವ ಹಾಗಿಲ್ಲ ಎಂಬುದನ್ನೂ ಹೇಳುವ ಹಾಗಿಲ್ಲವೋ ಏನೋ, ಏಳನೆಯ ಕಲಮು ಓದಿದರೆ ಹಾಗೇ ಅನಿಸುತ್ತದೆ. ಇಷ್ಟು ಮಾತ್ರ ತಿಳಿ: ಅನುವಾದದ ಏಜೆನ್ಸಿಯೊಂದು ನನ್ನ ಪರೀಕ್ಷೆ ತೆಗೆದುಕೊಂಡಿತು, ಪಾಸಾದೆ, ಕೆಲಸ ಕಳಿಸುವ ಮೊದಲು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿತು. ಕೆಳಗೆ ಒಬ್ಬ ಸಾಕ್ಷಿಯ ಸಹಿಯೂ ಬೇಕು ಎಂದಿತು.

ಕುಷ್ಟಗಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದು, ಊರ ಬಾಗಿಲಿನ ಅಗಸಿ ಕಟ್ಟೆಯ ಮೇಲಿದ್ದ ಮುದಿಯಪ್ಪ ಕಾಕಾನಿಗೆ ಕೊಟ್ಟೆ. ಕಾಕಾ ಪೆನ್ನು ಮುಟ್ಟಲಿಲ್ಲ.

“ನಾ ಕಿವಿಲೆ ಕೇಳದ ಕಾಗದಕ್ಕ ಸಹಿ ಹಾಕಂಗಿಲ್ಲ. ಓದು.”

“ಇಂಗ್ಲಿಷಿನ್ಯಾಗ ಐತಿ ಕಾಕಾ.”

“ಕನ್ನಡ ಮಾಡ್ಕೋತ ಓದು. ಅದ ಅಲ್ಲೇನು ನಿನ್ನ ಕೆಲಸ?”

ಓದಿದೆ. ಜೋರಾಗಿ ಓದಬೇಕಾಯಿತು, ಕಾಕಾನ ಎಡಗಿವಿ ಮಂದ. ‘ಈ ಸಂಗತಿಗಳನ್ನು ಯಾವ ಮೂರನೆಯ ವ್ಯಕ್ತಿಗೂ ತಿಳಿಸತಕ್ಕದ್ದಲ್ಲ’ ಎಂಬಲ್ಲಿಗೆ ಬರುವಾಗ ತಲೆಯೆತ್ತಿ ನೋಡಿದರೆ ಕಟ್ಟೆ ತುಂಬಿತ್ತು. ನೀರಿಗೆ ಹೊರಟಿದ್ದ ಕಳಕಮ್ಮ ಚಿಗವ್ವ ಕೊಡ ಕೆಳಗಿಟ್ಟು ಕೂತಿದ್ದಳು.

“ಹೇಣತಿಗೂ ಹೇಳಂಗಿಲ್ಲೇನೋ?”

“ಹೇಣತಿನ ಇಲ್ಲಲ್ಲ ಚಿಗವ್ವ.”

“ಮುಂದ ಬಂದ್ರ?”

“ಬಂದ್ರೂ ಹೇಳಂಗಿಲ್ಲ.”

“ಹಂಗಾರ ಬರಂಗಿಲ್ಲ ಬಿಡು.”

ಕೊನೆಗೆ ಕಾಕಾ ಸಹಿ ಹಾಕಿದ. ಹಾಕಿ, ಕೂತವರ ಕಡೆ ತಿರುಗಿ, “ಭಾಳ ಗುಟ್ಟಿನ ಕಾಗದ ಐತಿ. ಊರಾಗ ಯಾರೂ ಬಾಯಿ ಬಿಡಬ್ಯಾಡ್ರಿ” ಎಂದು ತಾಕೀತು ಮಾಡಿದ. ಊರಿನಲ್ಲಿ ಉಳಿದವರು ಯಾರಿದ್ದರು ಎಂದು ನಾನು ಕೇಳಲಿಲ್ಲ.

ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ನಮ್ಮ ಹೊಲದ ಕಾಗದ ಅಲ್ಲಲ್ಲ?” ಅಲ್ಲ ಎಂದೆ. “ಹಂಗಾರ ಬರಕೋ” ಅಂದಳು.

ಕೈಬರಹದ ಪತ್ರ ತಿಂಗಳಿಗೊಂದಾದರೂ ಬರೆಯದಿದ್ದರೆ ಅನುವಾದದ ಹೆಸರೆತ್ತಬೇಡ ಎಂದು ನೀನು ಹಾಕಿದ ಷರತ್ತನ್ನು ಶಿರಸಾ ವಹಿಸಿ ಇದನ್ನು ಬರೆದಿದ್ದೇನೆ. ಕೈ ನೋಯುತ್ತಿದೆ. ಇದು ಗೌಪ್ಯವಲ್ಲ.

ಇಂತು, ಬಾಯಿಗೆ ಬೀಗ ಬಿದ್ದ
ಹನಮೇಶ


ಗಂಗಾವತಿ
೨೦ ಜೂನ್ ೨೦೨೪

ಹನಮ್ಯಾ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಹೆದರಿಕೆ. ಗುಟ್ಟು ಕಾಯುವ ಕಾಗದವನ್ನು ಕಟ್ಟೆಯ ಮೇಲೆ ಡಂಗುರ ಹೊಡೆದವನು ಈ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ಇನ್ನು ಮುಂದೆ ಸಾಕ್ಷಿ ಬೇಕಾದರೆ ಕೊಪ್ಪಳಕ್ಕೆ ಹೋಗಿ ಯಾವುದಾದರೂ ವಕೀಲರನ್ನು ಹಿಡಿ.

ಪತ್ರ ಬರೆ ಎಂದದ್ದು ನಿನ್ನನ್ನು ಗೋಳಾಡಿಸಲು ಅಲ್ಲ. ದಿನವೂ ಬೇರೆಯವರ ವಾಕ್ಯವನ್ನೇ ಕನ್ನಡ ಮಾಡುತ್ತಾ ಹೋದರೆ ಒಂದು ದಿನ ನಮ್ಮ ವಾಕ್ಯ ಯಾವುದು ಎಂಬುದೇ ಮರೆತುಹೋಗುತ್ತದೆ. ನನಗೆ ಆಗಿದೆ, ಅದಕ್ಕೇ ಹೇಳಿದೆ.

ಈಗ ಕಸುಬಿನ ಮಾತು. ಇದರಲ್ಲಿ ಗುಟ್ಟೇನಿಲ್ಲ, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ. ಆಸ್ಪತ್ರೆಯ ಕಾಗದಗಳು ನಿನ್ನ ಕೈಗೂ ಬರುತ್ತವೆ. ಹೊಸ ಗುಳಿಗೆಯ ಪರೀಕ್ಷೆ ಮಾಡುವಾಗ ಅರ್ಧ ಜನರಿಗೆ ನಿಜವಾದ ಗುಳಿಗೆ, ಇನ್ನರ್ಧ ಜನರಿಗೆ ಔಷಧವೇ ಇಲ್ಲದ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ಡಾಕ್ಟರರಿಗೂ ಗೊತ್ತಿರುವುದಿಲ್ಲ. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಓದಿ ಹೇಳಿ, ಒಪ್ಪಿದವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತಾರೆ. ಆ ಕಾಗದವನ್ನು ಒಬ್ಬರು ಕನ್ನಡಕ್ಕೆ ತರುತ್ತಾರೆ. ಇನ್ನೊಬ್ಬರು ಮೂಲವನ್ನು ನೋಡದೆ, ಕನ್ನಡವನ್ನಷ್ಟೇ ಓದಿ, ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಕೆಲಸ ಕೊಟ್ಟವರಿಗೆ ಕನ್ನಡ ಬರುವುದಿಲ್ಲವಲ್ಲ, ಅವರು ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ವ್ಯತ್ಯಾಸ ಕಂಡರೆ ಮೊದಲನೆಯವರನ್ನು ಕೇಳುತ್ತಾರೆ. ಹಾಗಾಗಿ ಈ ಇಬ್ಬರಿಗೆ ಒಬ್ಬರಿಗೊಬ್ಬರು ಯಾರೆಂದು ಗೊತ್ತಿರಬಾರದು. ಎರಡನೆಯವರಿಂದ ಹಾಗೆಂದು ಬೇರೆ ಸಹಿಯನ್ನೇ ತೆಗೆದುಕೊಳ್ಳುತ್ತಾರೆ.

ಅಮೃತಾಳ ಮುಂದಿನ ಹಲ್ಲು ಬಿದ್ದಿದೆ. ಮಾಮಾನಿಗೆ ತಿಳಿಸು ಎಂದಿದ್ದಾಳೆ, ತಿಳಿಸಿದ್ದೇನೆ.

ನಿನ್ನ
ಅಕ್ಕ


ಬೇವೂರು
೨೧ ಜುಲೈ ೨೦೨೪

ದಂತಭಗ್ನೆಯಾದ ಕುಮಾರಿ ಅಮೃತಾಳ ಮಾತೃಶ್ರೀಯವರಿಗೆ,

ಹಲ್ಲಿನ ಸುದ್ದಿ ತಿಳಿದು ಬೇವೂರಿನಲ್ಲಿ ಅರ್ಧ ದಿನ ಶೋಕ ಆಚರಿಸಲಾಯಿತು.

ಇಲ್ಲಿ ನನ್ನ ಸ್ಥಾನಮಾನ ಏರಿದೆ. ಈ ಹುಡುಗ ಗುಟ್ಟು ಹೊರಗೆ ಬಿಡದಂತೆ ಸರ್ಕಾರಿ ಕಾಗದಕ್ಕೆ ಸಹಿ ಹಾಕ್ಯಾನ ಎಂದು ಊರೆಲ್ಲ ಸುದ್ದಿಯಾಗಿ, ಈಗ ಒಬ್ಬೊಬ್ಬರೇ ಬಂದು ತಮ್ಮ ಗುಟ್ಟುಗಳನ್ನು ನನ್ನ ಹತ್ತಿರ ಇಟ್ಟು ಹೋಗುತ್ತಿದ್ದಾರೆ. ಕೆಲಸ ಮಾಡುತ್ತ ಕೂತಿದ್ದರೆ ಬಾಗಿಲು ಮುಚ್ಚಿದ ಸದ್ದು. ನೋಡಿದರೆ ಕಳಕಮ್ಮ ಚಿಗವ್ವ.

“ಯಾರಿಗೂ ಹೇಳಂಗಿಲ್ಲ ಹೌದಿಲ್ಲ?”

“ಚಿಗವ್ವ, ಅದು ಕಂಪನಿ ಕೆಲಸದ್ದು ಅಷ್ಟ.”

“ಮತ್ತ ನಂದೇನು ಕಂಪನಿಕಿಂತ ಕಡಿಮಿ ಐತೇನು?”

ಹೇಳಿಯೇ ಬಿಟ್ಟಳು. ಸೊಸೆಯ ಕುರಿತು. ಅದೇನೆಂದರೆ… ಇಲ್ಲ ಅಕ್ಕಾ, ಹೇಳುವ ಹಾಗಿಲ್ಲ. ನಗುವಂಥದ್ದೇ, ಆದರೂ ಹಾಗಿಲ್ಲ. ಮುದಿಯಪ್ಪ ಕಾಕಾನೂ ಬಂದಿದ್ದ. ಅವನದು ನಗುವಂಥದ್ದಲ್ಲ. ಎದ್ದು ಹೋಗುವಾಗ ಅವನ ನಡಿಗೆ ಸ್ವಲ್ಪ ಹಗುರಾಗಿದ್ದಂತೆ ಕಂಡಿತು. ನಾನು ಏನೂ ಮಾಡಿರಲಿಲ್ಲ, ಕೇಳಿದ್ದೆ ಅಷ್ಟೇ.

ಕೆಲಸ ಬರುತ್ತಿದೆ. ಎಂಥದು ಎಂದು ಅವ್ವ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾಳೆ. ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, “ಹೇಳಂಗಿಲ್ಲ ಮಾತೋಶ್ರೀ” ಎನ್ನುತ್ತೇನೆ. ಅವ್ವ ಸೌಟು ಎತ್ತುತ್ತಾಳೆ. ನಮ್ಮ ಮನೆಯ ದಿನದ ನಾಟಕ ಇದು.

ಇಂತು, ಬೇವೂರಿನ ಗುಟ್ಟುಗಳ ಉಗ್ರಾಣಾಧಿಕಾರಿ
ಹನಮೇಶ


ಗಂಗಾವತಿ
೧೪ ಆಗಸ್ಟ್ ೨೦೨೪

ಹನಮ್ಯಾ,

ತಡವಾಯಿತು. ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂತು, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದೇನೆ. ಮನೆಯ ಒಡತಿ ಚಾಂದಬೀ ಅಮ್ಮ ತಮ್ಮ ಹಿತ್ತಲಲ್ಲಿ ಒಣಹಾಕಿಕೋ ಎಂದಿದ್ದಾರೆ. ಒಳ್ಳೆಯ ಹೆಂಗಸು.

ನಿನಗೆ ತಮಾಷೆಯಾಗಿ ಕಾಣುವ ಈ ಕೆಲಸವನ್ನೇ ನಂಬಿ ನಾನು ಕಾರಟಗಿಯ ಗಂಡನ ಮನೆ ಬಿಟ್ಟು, ಅಮೃತಾಳ ಕೈ ಹಿಡಿದು ಇಲ್ಲಿ ಬಂದು ನಿಂತೆ. ನನಗೆ ಕೆಲಸ ಕೊಡುವುದು ಹೆಚ್ಚು ಕಡಿಮೆ ಒಂದೇ ಏಜೆನ್ಸಿ. ಅವರು ಈಗಾಗಲೇ ಎರಡು ಸಲ ನನಗೆ ಬರೆದಿದ್ದಾರೆ: ನೀವು ಮೂಲದಲ್ಲಿ ಇಲ್ಲದ್ದನ್ನು ಸೇರಿಸುತ್ತೀರಿ. ಇನ್ನೊಮ್ಮೆ ಹಾಗಾದರೆ ಕೆಲಸ ಕಳಿಸುವುದಿಲ್ಲ.

ಸೇರಿಸುತ್ತೇನೆ, ನಿಜ. ಅಳತೆಯನ್ನೋ ಹೊತ್ತನ್ನೋ ಹೇಳುವಾಗ ಓದುವವರಿಗೆ ಕೈಗೆ ಸಿಗುವ ಹಾಗೆ ಒಂದು ಮಾತು ಹೆಚ್ಚು ಬರೆಯುತ್ತೇನೆ. ಕಾಗದ ನಮ್ಮ ಅವ್ವನ ಕೈಗೆ ಹೋದರೆ ಅವಳಿಗೆ ಏನು ತಿಳಿದೀತು ಎಂದು ಯೋಚಿಸುತ್ತೇನೆ, ಕೈ ತಾನೇ ಬರೆದುಬಿಡುತ್ತದೆ. ಬೇಡ ಎಂದರೂ ಬಿಡುತ್ತಿಲ್ಲ.

ನೀನು ಹೀಗೆ ಮಾಡಬೇಡ. ನೀನಿನ್ನೂ ಹೊಸಬ.

ನಿನ್ನ
ಅಕ್ಕ


ಬೇವೂರು
೧೫ ಸೆಪ್ಟೆಂಬರ್ ೨೦೨೪, ಭಾನುವಾರ

ಅಕ್ಕಾ,

ಇದರಲ್ಲಿ ಅನುವಾದದ ಸುದ್ದಿ ಇಲ್ಲ. ಒಂದು ಊಟದ ಕಥೆ ಇದೆ. ಪೂರ್ತಿ ಕಲ್ಪಿತ. ಇದರಲ್ಲಿ ಬರುವ ಸಾಹುಕಾರ, ಗೆಳೆಯ, ಹೋಳಿಗೆ ಯಾವುದೂ ಭೂಮಿಯ ಮೇಲೆ ಇಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ದೂರದ ಸಾಹುಕಾರನೊಬ್ಬ ದೊಡ್ಡ ಊಟ ಇಟ್ಟಿದ್ದಾನೆ. ಎಲ್ಲರ ಎಲೆಗೂ ಹೋಳಿಗೆ. ಆದರೆ ಅರ್ಧ ಮಂದಿಯ ಹೋಳಿಗೆಯಲ್ಲಿ ಹೂರಣವೇ ಇಲ್ಲ. ನೋಡಲು ಎರಡೂ ಒಂದೇ. ಬಡಿಸುವವನಿಗೂ ಗೊತ್ತಿಲ್ಲ, ಉಣ್ಣುವವನಿಗೂ ಗೊತ್ತಿಲ್ಲ. ಸಾಹುಕಾರ ಮೋಸಗಾರನಲ್ಲ. ಹೂರಣದಿಂದ ಮೈಗೆ ಏನಾಗುತ್ತದೆ ಎಂದು ತಿಳಿಯಲು ಅವನಿಗೆ ಬೇರೆ ದಾರಿಯಿಲ್ಲ, ಅದನ್ನು ಕರೆಯೋಲೆಯಲ್ಲಿ ಬರೆಸಿಯೂ ಇದ್ದಾನೆ. ಓದಿ, ಒಪ್ಪಿ, ಸಹಿ ಹಾಕಿದವರಷ್ಟೇ ಊಟಕ್ಕೆ ಕೂರಬೇಕು.

ಆ ಕರೆಯೋಲೆಯನ್ನು ಯಾರೋ ಕನ್ನಡಕ್ಕೆ ತಂದರು. ಮರಳಿ ಸಾಹುಕಾರನ ಭಾಷೆಗೆ ತಿರುಗಿಸುವ ಕೆಲಸ ನನ್ನ ಗೆಳೆಯನೊಬ್ಬನಿಗೆ ಬಂತು. ಅವನ ಹೆಸರು ತಿರುಪತಿ ಎಂದಿಟ್ಟುಕೋ. ‘ಕನ್ನಡಕ್ಕೆ ತಂದವರು ಯಾರೆಂದು ನನಗೆ ಗೊತ್ತಿಲ್ಲ’ ಎಂದು ತಿರುಪತಿ ಸಹಿ ಮಾಡಿದ. ಸಹಿ ಮಾಡಿದಾಗ ಅದು ನಿಜವೇ ಆಗಿತ್ತು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸುಳ್ಳಾಯಿತು. ‘ಇಪ್ಪತ್ತು ನಿಮಿಷ, ಅಂದರೆ ಹತ್ತು ರೊಟ್ಟಿ ಬಡಿಯುವಷ್ಟು ಹೊತ್ತು’ ಎಂದು ಬರೆಯುವ ಕೈ ಜಗತ್ತಿನಲ್ಲಿ ಒಂದೇ ಇದೆ, ಆ ಕೈಯೇ ಅವನಿಗೆ ಅಕ್ಷರ ತಿದ್ದಿಸಿದ್ದು.

ಮುಂದೆ ಹೀಗಿದೆ: ‘ಅರ್ಧ ಮಂದಿಗೆ ಹೂರಣವಿಲ್ಲದ ಹೋಳಿಗೆ ಸಿಗುತ್ತದೆ. ಅದು ನಿಮ್ಮ ಎಲೆಗೂ ಬೀಳಬಹುದು.’

ಎರಡನೆಯ ವಾಕ್ಯ ಸಾಹುಕಾರನದಲ್ಲ. ತಿರುಪತಿ ಮೂಲವನ್ನು ನೋಡಿಲ್ಲ, ಆದರೂ ಅವನಿಗೆ ಗೊತ್ತು. ಸಾಹುಕಾರರು ಅಷ್ಟು ಸಣ್ಣ ವಾಕ್ಯ ಬರೆಯುವುದಿಲ್ಲ.

ಈಗ ಅವನ ಮುಂದೆ ಎರಡು ದಾರಿ. ಆ ವಾಕ್ಯವನ್ನು ಇದ್ದಂತೆ ತಿರುಗಿಸಿದರೆ ಸಾಹುಕಾರ ಹೆಚ್ಚಿನ ಮಾತನ್ನು ಹಿಡಿಯುತ್ತಾನೆ, ವಾಕ್ಯ ಹೋಗುತ್ತದೆ, ಬರೆದವಳ ಅನ್ನವೂ ಹೋಗಬಹುದು. ಕಣ್ಣಿಗೆ ಬೀಳಲಿಲ್ಲವೆಂಬಂತೆ ಬಿಟ್ಟು ನಡೆದರೆ ಸಾಹುಕಾರನಿಗೆ ಎರಡೂ ತಾಳೆಯಾಗುತ್ತವೆ, ಕನ್ನಡದಲ್ಲಿ ಅದು ಹಾಗೇ ಉಳಿಯುತ್ತದೆ, ಉಣ್ಣಲು ಕೂತವರಿಗೂ ತಿಳಿಯುತ್ತದೆ. ಒಂದೇ ಒಂದು ಸಾಲು ಬಿಟ್ಟರೆ ಎಲ್ಲರಿಗೂ ಒಳ್ಳೆಯದು. ಅದಕ್ಕೇ ತಿರುಪತಿಗೆ ಭಯ.

ನಾಳೆ ಮಧ್ಯಾಹ್ನದೊಳಗೆ ಒಪ್ಪಿಸಬೇಕು. ಈ ಪತ್ರ ನಿನ್ನನ್ನು ತಲುಪುವಾಗ ಮುಗಿದಿರುತ್ತದೆ. ಹಾಗಾದರೆ ಯಾಕೆ ಬರೆದೆ ಎಂದರೆ, ಗೊತ್ತಿಲ್ಲ. ತಿರುಪತಿಗೆ ಬೇರೆ ಯಾರೂ ಇಲ್ಲ.

ಹನಮೇಶ


ಗಂಗಾವತಿ
೧೯ ಸೆಪ್ಟೆಂಬರ್ ೨೦೨೪

ಹನಮೇಶ,

ಕಥೆ ಓದಿದೆ. ಸಿಟ್ಟು ಬಂತು. ಹೆಸರು ಬದಲಿಸಿ ಹೋಳಿಗೆ ಹಂಚಿದರೆ ಹೇಳಿದ್ದು ಹೇಳದಂತಾಗುವುದಿಲ್ಲ. ಇಂಥ ಕಥೆ ಇನ್ನು ಬರೆಯಬೇಡ.

ಆದರೂ ನಿನ್ನ ಗೆಳೆಯ ಕೇಳಿದ್ದಾನಲ್ಲ, ಒಂದೇ ಸಲ ಉತ್ತರ ಕೊಡುತ್ತೇನೆ.

ಅವನು ಆ ಸಾಲನ್ನು ಬಿಟ್ಟರೆ ಕರೆಯೋಲೆಯಲ್ಲಿ ಅದು ಉಳಿಯುತ್ತದೆ, ಸರಿ. ಆದರೆ ಅದು ಯಾರ ಮಾತು? ಸಾಹುಕಾರನ ಮಾತಲ್ಲ, ತನ್ನ ಹೆಸರಿನಲ್ಲಿ ಅಂಥ ಮಾತು ಹೋಗಿದೆ ಎಂದೇ ಅವನಿಗೆ ತಿಳಿದಿರುವುದಿಲ್ಲ. ನಾಳೆ ಉಂಡವನೊಬ್ಬ ಎದ್ದು, ನನಗೂ ಖಾಲಿ ಬೀಳಬಹುದು ಎಂದು ನೀವೇ ಬರೆದಿದ್ದಿರಿ, ಈಗ ನನ್ನ ಮಾತು ಕೇಳಿ ಎಂದರೆ, ನಾವು ಬರೆದೇ ಇಲ್ಲ ಎನ್ನುತ್ತಾರೆ. ಆ ಸಾಲನ್ನು ನಂಬಿದವನು ಒಬ್ಬನೇ ನಿಲ್ಲುತ್ತಾನೆ. ಕದ್ದು ಒಳಗೆ ಬಿಟ್ಟ ಮಾತಿಗೆ ಬೆಲೆಯಿಲ್ಲ. ಬರೆದವಳಿಗೆ ಅದು ಬೇಕೇ ಬೇಕಾದರೆ ಬೆಳಕಿನಲ್ಲಿ ಕೇಳಿ ಪಡೆಯಲಿ, ಸಿಗದಿದ್ದರೆ ಸೋಲಲಿ.

ಅವಳ ಅನ್ನದ ಚಿಂತೆ ಅವನಿಗೆ ಬೇಡ. ಅವಳು ಅವನಿಗಿಂತ ದೊಡ್ಡವಳು, ಇದಕ್ಕಿಂತ ಕೆಟ್ಟದ್ದನ್ನು ಕಂಡು ಎದ್ದು ಬಂದಿದ್ದಾಳೆ.

ಅವನು ಆಗಲೇ ಬಿಟ್ಟು ಕಳಿಸಿದ್ದರೆ ನನಗೆ ತಿಳಿಸಬೇಡ. ಗೊತ್ತಾದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಅಕ್ಕ


ಬೇವೂರು
೨೪ ಸೆಪ್ಟೆಂಬರ್ ೨೦೨೪

ಅಕ್ಕಾ,

ನಿನ್ನ ಪತ್ರ ಇವತ್ತು ಬಂತು. ಕಥೆ ಬೇಡ ಎಂದಿದ್ದೀಯ, ಹೇಳುವುದಿಲ್ಲ. ನನ್ನ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ಆ ಸೋಮವಾರ ಬೆಳಿಗ್ಗೆ ಒಂದು ವಾಕ್ಯ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಹೊತ್ತು ನೆತ್ತಿಗೆ ಬರುತ್ತಿತ್ತು.

“ಯಾಕೋ, ಉಣ್ಣಾಕ ಏಳವಲ್ಲಿ? ಏನಾತು?”

“ಹೇಳಂಗಿಲ್ಲವ್ವ.”

ಎದ್ದು ನಿಲ್ಲಲಿಲ್ಲ, ಎದೆಯ ಮೇಲೆ ಕೈಯಿಡಲಿಲ್ಲ. ಅವ್ವ ಸೌಟೂ ಎತ್ತಲಿಲ್ಲ. ಸುಲಿಯುತ್ತಿದ್ದ ಶೇಂಗಾ ಬದಿಗೆ ಸರಿಸಿ, “ಹೇಳಬ್ಯಾಡ. ಬಂದು ಉಣ್ಣು” ಅಂದಳು.

ಉಣ್ಣುವಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಇವಳನ್ನು ಯಾರೋ ಒಂದು ಕಾಗದದ ಮುಂದೆ ಕೂರಿಸಿ ಹೆಬ್ಬೆಟ್ಟು ಒತ್ತು ಎಂದರೆ, ಒತ್ತಿಸಿಕೊಂಡವರು ತಿಳಿದ ಕಾಗದವೂ ಇವಳು ತಿಳಿದ ಕಾಗದವೂ ಒಂದೇ ಆಗಿರಬೇಕಲ್ಲವೇ ಎನಿಸಿತು. ನಿನ್ನಷ್ಟು ಚೆನ್ನಾಗಿ ಹೇಳಲು ಬರಲಿಲ್ಲ, ಇಷ್ಟೇ ಅನಿಸಿತು.

ಕೈತೊಳೆದು ಎದ್ದು, ಎಲ್ಲವನ್ನೂ ಇದ್ದದ್ದು ಇದ್ದಂತೆ ಮಾಡಿದೆ. ರೊಟ್ಟಿಯನ್ನೂ ಬಿಡಲಿಲ್ಲ. ಕಳಿಸುವಾಗ ಒಂದು ಮಾತು ಸೇರಿಸಿದೆ: ‘ಈ ಕನ್ನಡ ಯಾರದೆಂದು ನನಗೆ ಗುರುತು ಹತ್ತಿದೆ, ಅವರು ನನ್ನ ಸ್ವಂತ ಅಕ್ಕ. ಸಹಿ ಮಾಡಿದ ಮಾತು ಈಗ ನಿಜವಾಗಿ ಉಳಿದಿಲ್ಲ. ದಯವಿಟ್ಟು ಇದನ್ನು ಬೇರೆಯವರಿಂದ ಮತ್ತೊಮ್ಮೆ ಮಾಡಿಸಿ.’

ಸಂಜೆಯೊಳಗೆ ಉತ್ತರ ಬಂತು. ಪ್ರಾಮಾಣಿಕತೆಗೆ ಧನ್ಯವಾದ ಹೇಳಿದ್ದರು. ಮಾರನೆಯ ದಿನ ಅವರ ಅನುವಾದಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಧನ್ಯವಾದವನ್ನು ಮಾತ್ರ ವಾಪಸು ಕೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು.

ಈಗ ಬಿಡುವಾಗಿದ್ದೇನೆ. ಗುಟ್ಟುಗಳ ಉಗ್ರಾಣ ಮಾತ್ರ ನಡೆದಿದೆ. ಮೊನ್ನೆ ಕಳಕಮ್ಮ ಚಿಗವ್ವ ಬಂದು, “ನಿನ್ನ ನೌಕರಿ ಹೋತಂತ. ನಂದು ನಿನ್ನ ಹತ್ರನ ಇರ್ತದಿಲ್ಲ?” ಎಂದು ಕೇಳಿದಳು. ಇರ್ತದ ಚಿಗವ್ವ ಎಂದೆ.

ನಿನಗೆ ಏನಾಯಿತು ಎಂದು ಕೇಳುವ ಹಾಗಿಲ್ಲ. ಕೇಳುತ್ತಿಲ್ಲ. ಅಮೃತಾಳ ಹಲ್ಲು ಬಂತೇ?

ನಿನ್ನ ತಮ್ಮ
ಹನಮೇಶ


ಗಂಗಾವತಿ
೧೮ ಅಕ್ಟೋಬರ್ ೨೦೨೪

ಹನಮ್ಯಾ,

ಹಲ್ಲು ಬಂದಿದೆ, ಸ್ವಲ್ಪ ಸೊಟ್ಟ.

ಕಥೆ ಬೇಡ ಎಂದವಳು ನಾನೇ. ಇದೊಂದು ಸಲ ನಾನೇ ಮುರಿಯುತ್ತೇನೆ, ಸಿಟ್ಟಾಗುವ ಹಕ್ಕು ನಿನಗಿದೆ.

ಆ ಕರೆಯೋಲೆಯನ್ನು ಮತ್ತೊಬ್ಬರು ತಿರುಗಿಸಿದರು. ಅವರೂ ಏನನ್ನೂ ಬಿಡಲಿಲ್ಲ. ಸಾಹುಕಾರನ ಕಡೆಯವರು ಬರೆದವಳನ್ನು ಕೇಳಿದರು, ‘ನಾವು ಹೇಳದ ಈ ಮಾತು ಯಾಕೆ ಬಂತು? ತೆಗೆಯಿರಿ, ಇಲ್ಲವೇ ಕಾರಣ ಕೊಡಿ.’ ಅವಳು ಎರಡು ದಿನ ಉತ್ತರಿಸಲಿಲ್ಲ. ತೆಗೆದುಬಿಡುತ್ತೇನೆ ಎಂದೇ ಕೂತಿದ್ದಳು, ಮಗಳ ಸಾಲಿ ಫೀಸು ಇದೆ, ಮನೆ ಬಾಡಿಗೆ ಇದೆ. ಆಮೇಲೆ ಅವಳಿಗೊಬ್ಬ ಹುಡುಗ ನೆನಪಾದ. ತನಗೆ ನಷ್ಟವೆಂದು ಗೊತ್ತಿದ್ದೂ ರೊಟ್ಟಿಯನ್ನು 'ರೊಟ್ಟಿ' ಎಂದೇ ಬರೆದು ಕಳಿಸಿದವನು.

ಅವಳು ಬರೆದಳು: ‘ನೀವು ಅರ್ಧ ಮಂದಿಗೆ ಎಂದಿದ್ದೀರಿ. ನಮ್ಮ ಕಡೆ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರೂ ಖಾಲಿ ಹೋಳಿಗೆ ಪಕ್ಕದವರ ಎಲೆಗೇ ಬೀಳುತ್ತದೆ ಎಂದುಕೊಂಡು ಕೂತಿರುತ್ತಾರೆ. ಅರ್ಧ ಎಂದರೆ ನೀನೂ ಇದ್ದೀಯ ಎಂದು ಹೇಳದಿದ್ದರೆ, ಅವರು ಸಹಿ ಹಾಕಿದ್ದು ಬೇರೆ ಊಟಕ್ಕೆ.’

ಅವರ ಹಿರಿಯರು ಕೂತು ಮಾತಾಡಿದರು. ಸಾಲು ಉಳಿಯಿತು. ತಮ್ಮ ಭಾಷೆಯ ಕರೆಯೋಲೆಯಲ್ಲೂ ಸೇರಿಸಿಕೊಂಡರು. ರೊಟ್ಟಿಯನ್ನು ಮಾತ್ರ ತೆಗೆಸಿದರು. ರೊಟ್ಟಿಗಾಗಿ ಅವಳು ಜಗಳ ಆಡಲಿಲ್ಲ.

ಅವಳಿಗೆ ಕೆಲಸ ಬರುತ್ತಿದೆ, ಮೊದಲಿಗಿಂತ ಕಡಿಮೆ. ನಡೆಯುತ್ತದೆ.

ನನ್ನ ದೆಸೆಯಿಂದ ನಿನ್ನ ಕೆಲಸ ಹೋಯಿತು. ಅದಕ್ಕೆ ಏನು ಬರೆಯಬೇಕೋ ತಿಳಿಯದೆ ಈ ಪುಟವನ್ನು ಮೂರು ಸಲ ಹರಿದಿದ್ದೇನೆ. ಈ ಪತ್ರ ತಲುಪಿದ ಮೇಲಿನ ಭಾನುವಾರ ಬಾ. ಮಾತಾಡುವುದು ಏನೂ ಇಲ್ಲ, ಮಾತಾಡುವ ಹಾಗೂ ಇಲ್ಲ. ಬಂದು ಕೂತು ಉಂಡು ಹೋಗು.

ನಿನ್ನ
ಅಕ್ಕ


(ಅಂಚೆ ಕಾರ್ಡು)

ಬೇವೂರು
೨೨ ಅಕ್ಟೋಬರ್ ೨೦೨೪

ಅಕ್ಕಾ,

ಭಾನುವಾರ ಮೊದಲ ಬಸ್ಸಿಗೆ ಹೊರಟು, ಕೊಪ್ಪಳದಲ್ಲಿ ಬದಲಿಸಿ ಬರುತ್ತೇನೆ. ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಡುತ್ತಾಳೆ.

ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಕೆಂದೇ. ಇದನ್ನು ಬೇವೂರಿನ ಅಂಚೆಯವರು ಓದುತ್ತಾರೆ, ಗಂಗಾವತಿಯ ಅಂಚೆಯವರು ಓದುತ್ತಾರೆ, ಚಾಂದಬೀ ಅಮ್ಮ ಅಮೃತಾಳಿಂದ ಓದಿಸಿ ಕೇಳುತ್ತಾರೆ. ಎಲ್ಲರೂ ಓದಲಿ:

ನಮ್ಮ ಅಕ್ಕನಷ್ಟು ಛಲೋ ಕನ್ನಡ ಬರೆಯೋರು ಈ ಜಿಲ್ಲಾದಾಗ ಯಾರೂ ಇಲ್ಲ.

ಹನಮೇಶ